ಹಗ್ಗದ ಒಂದು ಎಳೆತ

ಹಿಂದಿನಿಂದ ಒಂದು ಕೈ ಅವಳ ಸೊಂಟದ ಪಟ್ಟಿಯನ್ನು ಹಿಡಿಯಿತು.

ಅವಳು ತಿರುಗಿ ನೋಡಲಿಲ್ಲ. ನೋಡುವ ಮೊದಲೇ ಮೊಣಕೈ ಹಿಂದಕ್ಕೆ ಬೀಸಿಯಾಗಿತ್ತು. ಲಟಕ್ ಎಂದು ಏನೋ ಮುರಿದ ಸದ್ದು. ತಾರಸಿಯ ಕಾದ ಸಿಮೆಂಟಿನ ಮೇಲೆ ಟಪಟಪನೆ ರಕ್ತ ಬಿತ್ತು.

ಹದಿನಾಲ್ಕು ಮಹಡಿಯ ಆ ಕಟ್ಟಡದ ಗಾಜು ತೊಳೆಯುವ ಕೆಲಸಕ್ಕೆ ಅವಳು ಸೇರಿದ ಮೊದಲ ದಿನ ಅದು. ಏಟು ತಿಂದವನು ಅವಳ ಜೊತೆಗಾರ. ಅವಳು ಕೆಳಗೆ ನೇತಾಡುವಾಗ ಮೇಲೆ ಕೂತು ಹಗ್ಗ ನೋಡಿಕೊಳ್ಳಬೇಕಾದವನು. ಎಲ್ಲರೂ ಅವನನ್ನು ಲಂಗರು ಎಂದು ಕರೆಯುತ್ತಿದ್ದರು.

ಅವನು ಮೂಗು ಹಿಡಿದುಕೊಂಡು ನಿಂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಅವಳು ಮುಷ್ಟಿ ಬಿಗಿದು ಕಾದಳು.

"ಬಕಲ್ ತಿರುಗಿಸಿ ಹಾಕ್ಕೊಂಡಿದೀರಿ," ಎಂದ ಅವನು, ಬೆರಳುಗಳ ಸಂದಿಯಿಂದ ರಕ್ತ ಸುರಿಸುತ್ತಲೇ. "ಹಾಗೇ ಇಳಿದಿದ್ರೆ ಹೋಗ್ತಿದ್ರಿ."

ಅವಳು ಬಗ್ಗಿ ನೋಡಿದಳು. ನಿಜ. ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವಂತಿತ್ತು.

ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಅವಳ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಹದಿನೇಳನೇ ವಯಸ್ಸಿನಲ್ಲಿ ಅಣ್ಣ ಅದನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ್ದ. ಎದುರು ಮಾತಾಡಿದಳೆಂಬುದೇ ಕಾರಣ. ಅಣ್ಣ ತನ್ನ ಗೆಳೆಯನಿಗೆ ಅವಳನ್ನು ಕೊಡಲು ಹೊರಟಾಗ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಹಿಂದಿನಿಂದ ಬರುವ ಕೈ ಯಾರದಾದರೂ ಅವಳಿಗೆ ಒಂದೇ.

ಮರುದಿನದಿಂದ ಅವಳಿಗೆ ಬಾಕ್ಸರಮ್ಮ ಎಂದು ಹೆಸರು ಬಿತ್ತು. ಲಂಗರಿನ ಮೂಗು ಸ್ವಲ್ಪ ಎಡಕ್ಕೆ ವಾಲಿಕೊಂಡೇ ವಾಸಿಯಾಯಿತು. ಆಮೇಲೆ ಅವನು ಅವಳ ಪಟ್ಟಿಯನ್ನು ಮುಟ್ಟಿದ್ದೇ ಇಲ್ಲ. ಎರಡು ಮಾರು ದೂರ ನಿಂತು, "ಎಳೆದು ತೋರಿಸಿ" ಎನ್ನುತ್ತಿದ್ದ. ಅವಳು ಬಕಲ್ ಎಳೆದು ತೋರಿಸುತ್ತಿದ್ದಳು. ಅವನು ತಲೆಯಾಡಿಸಿದ ಮೇಲೆ ಇಳಿಯುತ್ತಿದ್ದಳು. ಎಂಟು ತಿಂಗಳು ಅವರಿಬ್ಬರ ನಡುವೆ ನಡೆದ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ಉಳಿದ ಮಾತೆಲ್ಲ ಹಗ್ಗದ್ದು. ಮೇಲೆ ಗಾಳಿಗೆ ಕೂಗು ಕೇಳಿಸದು, ಫೋನುಗಳನ್ನು ತಾರಸಿಯ ಪೆಟ್ಟಿಗೆಯಲ್ಲಿ ಇಟ್ಟೇ ಇಳಿಯಬೇಕು. ಮೂರು ಎಳೆತವೆಂದರೆ ಮೇಲಕ್ಕೆ ಎಳೆದುಕೋ. ಎರಡು ಎಂದರೆ ಕೆಳಗೆ ಬಿಡು. ಒಂದು ಎಂದರೆ ನಿಲ್ಲು.

ಸಂಜೆ ಹೊತ್ತು ಇಬ್ಬರೂ ಇಂಗ್ಲಿಷ್ ತರಗತಿಗೆ ಹೋಗುತ್ತಿದ್ದರು, ಬೇರೆಬೇರೆಯಾಗಿ. ಮೂರು ಬೀದಿ ಆಚೆ, ಅಗ್ನಿಶಾಮಕ ಠಾಣೆಯ ಮೇಲಿನ ಮಹಡಿ. ಅವಳು ಮುಂದಿನ ಬೆಂಚು, ಅವನು ಕೊನೆಯದು.

ಒಂದು ಸಂಜೆ ಮೇಡಂ ನಂಬಿಕೆಯ ಮಾತುಗಳನ್ನು ಕಲಿಸಿದರು. ಡಿಪೆಂಡ್ ಆನ್, ರಿಲೈ ಆನ್, ಕೌಂಟ್ ಆನ್ ಎಂದು ಹಲಗೆಯ ತುಂಬ ಬರೆದರು. ಕನ್ನಡದಲ್ಲಿ ಒಬ್ಬರನ್ನು ನಂಬುತ್ತೇವೆ, ಇಂಗ್ಲಿಷಿನಲ್ಲಿ ಆ ಭಾರವನ್ನು ಅವರ ಮೇಲೆಯೇ ಇಡಬೇಕು, ಅದಕ್ಕೇ ಈ 'ಆನ್' ಎಂದರು. ಹಿಂದೆ ಕೈಕೊಡದೇ ಇದ್ದದ್ದರ ಮೇಲೆ ರಿಲೈ ಮಾಡುತ್ತೇವೆ. ಅದಿಲ್ಲದೆ ನಡೆಯುವುದೇ ಇಲ್ಲವೆಂದರೆ ಡಿಪೆಂಡ್.

"ಟ್ರಸ್ಟ್ ಬೇರೆ," ಎಂದರು ಮೇಡಂ. "ಮನಸ್ಸಿಲ್ಲದಿದ್ದರೂ ಒಬ್ಬರ ಮೇಲೆ ಡಿಪೆಂಡ್ ಆಗಿರಬಹುದು. ಟ್ರಸ್ಟ್ ಮಾತ್ರ ನಾವಾಗಿ ಕೊಟ್ಟರೇ ಉಂಟು."

ಅವಳ ಎದೆಗೆ ಯಾರೋ ಬೆರಳು ಚುಚ್ಚಿದಂತಾಯಿತು. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ತನ್ನ ಪ್ರಾಣವನ್ನು ಒಬ್ಬನ ಕೈಗಿಡುತ್ತಿದ್ದೇನೆ. ಅವನನ್ನು ನಂಬಿದ್ದೇನೆಯೇ?

ಮನೆಕೆಲಸವೆಂದು ಐದು ವಾಕ್ಯ ಬರೆಯಬೇಕಿತ್ತು. ಅವಳು ಹಗ್ಗ, ಕೊಂಡಿ, ರಾಟೆ, ಹೆಲ್ಮೆಟ್, ಅಲಾರಂ ಗಡಿಯಾರ ಎಂದು ಐದನ್ನೂ ಬರೆದು ಮುಗಿಸಿದಳು. ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ದರು: ಎಲ್ಲ ವಸ್ತುಗಳೇ. ಮನುಷ್ಯರು ಯಾರೂ ಇಲ್ಲವೇ?

ಮೇಡಂ ಲಂಗರಿನ ಪುಸ್ತಕ ಕೇಳಿದಾಗ ಅವನು ಅದನ್ನು ಮುಚ್ಚಿಟ್ಟುಕೊಂಡು, ಬರೆದಿಲ್ಲ ಎಂದುಬಿಟ್ಟ. ಬರೆದಿದ್ದನ್ನು ಅವಳು ಒಳಬರುವಾಗ ಅವನ ಬೆಂಚು ದಾಟುತ್ತ ನೋಡಿದ್ದಳು. ಐದು ಸಾಲು ಬರೆದು ಐದನ್ನೂ ಹೊಡೆದುಹಾಕಿದ್ದ.

ಅದಾಗಿ ಎರಡನೆಯ ದಿನ.

ಬೆಳಿಗ್ಗೆ ಹನ್ನೊಂದರ ಬಿಸಿಲು. ಎಂಟನೆಯ ಮಹಡಿಯ ಗಾಜಿನೆದುರು ನೇತಾಡುತ್ತಿದ್ದ ಅವಳು ಕೆಳಗೆ ನೋಡಿ ತಣ್ಣಗಾದಳು. ಬೀದಿಯಲ್ಲಿ ಒಂದು ಹಳದಿ ವ್ಯಾನು ನಿಂತಿತ್ತು. ಬಾಗಿಲಿಗೆ ಉದ್ದಕ್ಕೆ ಗೀರು. ಅಣ್ಣನದು!

ಅವನು ಅವಳನ್ನು ಹುಡುಕಿಬಿಟ್ಟಿದ್ದ.

ಮೇಲೆ ಹೋದರೆ ಓಡಬಹುದು, ಹಿಂಬದಿಯ ಮೆಟ್ಟಿಲಿದೆ. ಅವಳು ಮೂರು ಸಲ ಹಗ್ಗ ಜಗ್ಗಿದಳು.

ಮೇಲಿನಿಂದ ಒಂದು ಎಳೆತ ಬಂತು. ನಿಲ್ಲು.

ಏನು ನಿಲ್ಲುವುದು? ಮತ್ತೆ ಮೂರು. ಮತ್ತೆ ಒಂದೇ. ಅವಳಿಗೆ ರೇಗಿತು. ಮೈಯ ಭಾರವೆಲ್ಲ ಹಾಕಿ ಮೂರನೆಯ ಸಲ ಜಗ್ಗಿದಳು, ನಾಲ್ಕನೆಯ ಸಲವೂ. ಏನೋ ಹಳದಿಯದು ಪಕ್ಕದಿಂದ ಹಾರಿ ಬಿದ್ದು ಕೆಳಗೆ ಚೂರಾಯಿತು. ಲಂಗರಿನ ಹೆಲ್ಮೆಟ್. ಆಮೇಲೆ ಹಗ್ಗ ಸುಮ್ಮನಾಯಿತು.

ಎಷ್ಟು ಹೊತ್ತೋ... ಕೆಳಗೆ ಇಬ್ಬರು ಗಂಡಸರು ಕಟ್ಟಡದಿಂದ ಹೊರಬಂದರು. ಒಬ್ಬ ಅಣ್ಣ. ಅವನ ಕೈ ಇನ್ನೊಬ್ಬನ ಹೆಗಲ ಮೇಲಿತ್ತು, ಹಳೆಯ ಗೆಳೆಯರ ಹಾಗೆ. ಆ ಇನ್ನೊಬ್ಬ ಲಂಗರು. ಇಬ್ಬರೂ ವ್ಯಾನು ಹತ್ತಿದರು. ವ್ಯಾನು ಹೋಯಿತು.

ಅವಳು ಗಾಜಿಗೆ ಹಣೆ ಒತ್ತಿ ನೇತಾಡಿದಳು. ಮಾರಿಬಿಟ್ಟ. ಎಂಟು ತಿಂಗಳು ಮುಟ್ಟದೆ, ಮಾತಾಡದೆ ಒಳ್ಳೆಯವನ ಹಾಗಿದ್ದು ಕೊನೆಗೆ ನನ್ನನ್ನು ಗೂಟಕ್ಕೆ ಕಟ್ಟಿದ ಮೇಕೆಯ ಹಾಗೆ ಬಿಟ್ಟು, ಅಣ್ಣನ ಜೊತೆ ಹೋಗಿಬಿಟ್ಟ. ಅಳು ಬರಲಿಲ್ಲ. ಸಿಕ್ಕರೆ ಈ ಸಲ ಮೂಗಲ್ಲ, ಕತ್ತು ಎಂದುಕೊಂಡಳು.

ಕಡೆಗೆ ರಾಟೆ ಕಿರುಗುಟ್ಟಿತು. ಅಂಗುಲ ಅಂಗುಲವಾಗಿ ಅವಳು ಮೇಲೆ ಬಂದಳು. ರಾಟೆಯ ಹಿಡಿ ತಿರುಗಿಸುತ್ತಿದ್ದವನು ಮುದುಕ ಕಾವಲುಗಾರ.

"ಎಲ್ಲಿ ಆ ದ್ರೋಹಿ?" ಎಂದು ಅವಳು ತಾರಸಿಯ ಮೋಟುಗೋಡೆ ದಾಟಿದಳು.

ಮುದುಕ ನೆಲ ತೋರಿಸಿದ. ಸಿಮೆಂಟಿನ ಮೇಲೆ ರಕ್ತ ಎಳೆದಾಡಿದ ಗುರುತು, ನಡುವೆ ಒಂದು ಹಲ್ಲು.

ಹಗ್ಗದ ತುದಿ ಕಬ್ಬಿಣದ ಕಂಬಕ್ಕೆ ಕಟ್ಟಿತ್ತು. ಒಂದು ಗಂಟು ಸಾಕಾಗುವ ಕಡೆ ನಾಲ್ಕು. ಅವಳು ಮೊಣಕಾಲೂರಿ ಬಿಚ್ಚತೊಡಗಿದಳು. ಒಂದೊಂದು ಗಂಟಿನ ಮಡಿಕೆಯೊಳಗೂ ರಕ್ತ ಅಂಟಿತ್ತು. ಹೊರಗಿನಿಂದ ಸಿಡಿದದ್ದಲ್ಲ, ಒಳಗೆ ಸಿಕ್ಕಿಕೊಂಡದ್ದು. ಹಗ್ಗದ ಕೆಲಸದವಳಿಗೆ ಅದನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಏಟು ತಿಂದ ಮೇಲೆ, ರಕ್ತ ಸುರಿಯುವ ಕೈಯಲ್ಲೇ ಅವನು ಇದನ್ನು ಕಟ್ಟಿದ್ದ. ಮಾರಿ ಹೋಗುವವನು ನಾಲ್ಕು ಗಂಟು ಹಾಕುವುದಿಲ್ಲ.

ಕಾವಲುಗಾರ ನೀರಿನ ತೊಟ್ಟಿಯ ಹಿಂದೆ ಅಡಗಿ ಎಲ್ಲವನ್ನೂ ನೋಡಿದ್ದ. ತಂಗಿಗೆ ಸುದ್ದಿ ತಂದಿದ್ದೇನೆ ಎಂದವನನ್ನು ನಂಬಿ ಮೇಲೆ ಕರೆತಂದವನೂ ಅವನೇ. ಅಣ್ಣ ಅಂಗಿಯೊಳಗಿಂದ ಕಬ್ಬಿಣದ ಸರಳು ತೆಗೆದು, ಅವಳೆಲ್ಲಿ ಎಂದು ಕೇಳಿದ. ಇವತ್ತು ರಜೆ ಎಂದ ಲಂಗರು. ಹಾಗಾದರೆ ಹಗ್ಗ ಯಾಕೆ ಬಿಗಿಯಾಗಿದೆ ಎಂದದ್ದಕ್ಕೆ, ಬಕೆಟ್ ಇದೆ ಎಂದ. ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಏಣಿಯ ಮೂರನೆಯ ಮೆಟ್ಟಿಲಿಗೇ ಬೆವರುವ ಅಣ್ಣ ಗೋಡೆಯ ಹತ್ತಿರವೂ ಹೋಗಲಿಲ್ಲ.

ಅಷ್ಟರಲ್ಲಿ ಹಗ್ಗ ಮೂರು ಸಲ ಅಲುಗಿತು.

"ಬಕೆಟ್ ಜಗ್ಗುತ್ತೇನೋ?" ಎಂದು ಅಣ್ಣ ಸರಳು ಬೀಸಿದ.

ಗಾಳಿ ಎಂದ ಲಂಗರು.

"ಹಾಗೆ ನಾಲ್ಕು ಸಲ ಅಲುಗಿತು ತಾಯೀ," ಎಂದ ಮುದುಕ. "ಅಲುಗಿದಾಗೆಲ್ಲ ಏಟು. ಎರಡು ಕೈ ಎತ್ತಿದ್ರೆ ತಲೆನಾದ್ರೂ ಉಳೀತಿತ್ತು. ಆ ಪುಣ್ಯಾತ್ಮ ಒಂದು ಕೈಯನ್ನ ಹಗ್ಗದಿಂದ ತೆಗೀಲೇ ಇಲ್ಲ."

ಆ ನಾಲ್ಕು ಏಟನ್ನೂ ಹೊಡೆಸಿದವಳು ತಾನು. ಕೊನೆಗೆ ಲಂಗರು, ಅವಳು ಇಂಗ್ಲಿಷ್ ಕ್ಲಾಸಿನಲ್ಲಿದ್ದಾಳೆ, ತೋರಿಸುತ್ತೇನೆ, ಬಕೆಟ್ ಬಿದ್ದರೆ ಜನ ಸಾಯುತ್ತಾರೆ, ಕಟ್ಟಿ ಬರುತ್ತೇನೆ ಎಂದನಂತೆ. ಹೆಗಲ ಮೇಲೆ ಅವಳು ಕಂಡ ಕೈಯ ಅಂಗಿತೋಳಿನೊಳಗೆ ಸರಳಿತ್ತು.

ಅವಳು ಮುದುಕನಿಗೆ ಪೊಲೀಸರಿಗೆ ಫೋನ್ ಮಾಡಲು ಹೇಳಿ ಓಡಿದಳು. ಸೊಂಟದ ಕೊಂಡಿಗಳು ಗಲಗಲ ಬಡಿದುಕೊಳ್ಳುತ್ತಿದ್ದವು. ಮೂರು ಬೀದಿ. ಬೆಳಗಿನ ಹೊತ್ತು ತರಗತಿಗೆ ಬೀಗ. ಬೀಗ ಕಂಡರೆ ಅಣ್ಣ ಅವನನ್ನು ಉಳಿಸುವುದಿಲ್ಲ.

ಠಾಣೆಯ ಮುಂದೆ ಅಗ್ನಿಶಾಮಕದವರು ಪೈಪು ಬಿಟ್ಟು ಗಾಡಿ ತೊಳೆಯುತ್ತಿದ್ದರು. ನೀರಿನ ಅಬ್ಬರಕ್ಕೆ ಮೆಟ್ಟಿಲ ಮೇಲಿನ ಸದ್ದು ಅವರಿಗೆ ಕೇಳಿಸುವಂತಿರಲಿಲ್ಲ. ಅವಳು ಕೂಗುತ್ತಲೇ ಮೆಟ್ಟಿಲೇರಿದಳು.

ಲಂಗರು ಮೆಟ್ಟಿಲಿಗೆ ಅಡ್ಡ ಬಿದ್ದಿದ್ದ. ಮುಖವೆಂದು ಗುರುತಿಸಲಾಗದಷ್ಟು ಕೆಂಪು. ಎರಡು ತೋಳೂ ಅಣ್ಣನ ಕಾಲನ್ನು ತಬ್ಬಿದ್ದವು. ಅಣ್ಣ ಆ ತೋಳಿನ ಮೇಲೆಯೇ ಸರಳು ಇಳಿಸಿದ. ಮೂಳೆ ಮುರಿದದ್ದು ಅವಳ ಕಿವಿಗೆ ಕೇಳಿಸಿತು. ತೋಳು ಬಿಡಲಿಲ್ಲ.

ಅವಳು ಲಂಗರಿನ ಮೇಲೆ ಬಗ್ಗಿ ಅವನಿಗೂ ಸರಳಿಗೂ ನಡುವೆ ನಿಂತಳು. ಅಣ್ಣ ಹಿಂದಿನಿಂದ ಅವಳ ಜಡೆ ಹಿಡಿದ.

"ನಡಿ ಮನೆಗೆ. ಇವನನ್ನ ನಂಬಿ ಬಂದಿದೀಯಾ?"

ಈ ಸಲ ಅವಳು ತಿರುಗಿ ನೋಡಿದಳು. ಯಾರ ಕೈ ಎಂದು ಚೆನ್ನಾಗಿ ನೋಡಿಯೇ ಮೊಣಕೈ ಬೀಸಿದಳು.

"ಹೌದು," ಎಂದಳು.

ಅಣ್ಣ ಮೂಗು ಹಿಡಿದು ಕುಸಿದ. ಸರಳು ಠಣಠಣನೆ ಮೆಟ್ಟಿಲಿಳಿದು ಹೋಯಿತು. ಮೇಲೆ ನುಗ್ಗಿ ಬಂದ ಅಗ್ನಿಶಾಮಕದವರು ಅವನನ್ನು ಗೋಡೆಗೆ ಒತ್ತಿ ಹಿಡಿದರು, ಪೊಲೀಸರು ಬರುವ ತನಕ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಲಂಗರು ಕಣ್ಣು ಬಿಟ್ಟ. ತಲೆಗೆ ಹನ್ನೊಂದು ಹೊಲಿಗೆ. ಎಡತೋಳು ಪೂರ್ತಿ ಪ್ಲಾಸ್ಟರಿನಲ್ಲಿ. ಬಲಗೈ ಬ್ಯಾಂಡೇಜಿನಿಂದ ಎರಡು ಬೆರಳು ಮಾತ್ರ ಹೊರಗಿದ್ದವು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳಿದ್ದಳು. ಮೂರು ದಿನದಿಂದ ಇದ್ದಳು.

"ಬಾಕ್ಸರಮ್ಮ," ಎಂದ ಅವನು ಹಲ್ಲು ಮುರಿದ ಬಾಯಲ್ಲಿ.

ಅವಳು ಹೇಳಲೆಂದು ಕಲಿತುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಾಲ್ಕು ಸಲ ಎಳೆದೆ ನಾನು," ಎಂದಳು. "ತಾತ ಎಣಿಸಿದಾರೆ."

"ಅವರಿಗೇನು ಬೇರೆ ಕೆಲಸ ಇಲ್ಲ."

"ನೀವು ನನ್ನ ಮಾರಿಬಿಟ್ರಿ ಅಂದ್ಕೊಂಡೆ."

"ಮೇಲಿಂದ ನೋಡಿದ್ರೆ ಹಾಗೇ ಕಾಣುತ್ತೆ," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವಳ ಕಣ್ಣು ತುಂಬಿ ಹರಿಯಿತು. ಒಂದು ಸುಳ್ಳಿಗೆ ಒಂದು ಏಟಿನಂತೆ ತಿನ್ನುತ್ತ ಯಾಕೆ ನಿಂತಿರಿ, ಮೊದಲನೆಯದಕ್ಕೇ ಹೇಳಿಬಿಡಬಹುದಿತ್ತಲ್ಲ ಎಂದು ಕೇಳಿದಳು.

ಅವನು ಈಗ ಹೇಳದಿದ್ದರೆ ಇನ್ನೆಂದೂ ಆಗದು ಎಂಬಂತೆ ನಿಧಾನವಾಗಿ ಹೇಳಿದ.

"ನೀವು ಎಳೆದಾಗೆಲ್ಲ ಏಟು ಬಿತ್ತು, ನಿಜ. ಆದ್ರೆ ಎಳೆದಾಗೆಲ್ಲ, ಆ ತುದೀಲಿ ನೀವಿದೀರಿ ಅಂತ ಗೊತ್ತಾಗ್ತಿತ್ತು. ಅದಕ್ಕೇ ನಿಂತಿದ್ದೆ. ಇಲ್ಲದಿದ್ರೆ ಮೊದಲ್ನೇದಕ್ಕೇ ಬಿದ್ದೋಗ್ತಿದ್ದೆ." ಉಸಿರು ತೆಗೆದುಕೊಂಡ. "ಕ್ಲಾಸಲ್ಲಿ ಐದು ವಾಕ್ಯನೂ ನಿಮ್ಮ ಬಗ್ಗೇನೇ ಬರೆದಿದ್ದೆ. ನೀವು ನನ್ನ ನಂಬಲ್ಲ, ನಾನು ಬರೆಯೋದು ಹೇಗೆ ಅಂತ ಹೊಡೆದು ಹಾಕಿದೆ."

ಅವಳು ಕಣ್ಣೊರೆಸಿಕೊಂಡು ಚೀಲದಿಂದ ತನ್ನ ಪುಸ್ತಕ ತೆಗೆದು ಅವನ ಮುಖದೆದುರು ಹಿಡಿದಳು. ಕೆಂಪು ಶಾಯಿಯ ಪ್ರಶ್ನೆಯ ಕೆಳಗೆ ಆರನೆಯ ಸಾಲು ಹೊಸದಾಗಿತ್ತು. ಇಂಗ್ಲಿಷಿನ ಮೂರೇ ಪದ. ನಡುವಿನದು ಟ್ರಸ್ಟ್.

ಅವನು ಅದನ್ನು ಎರಡು ಸಲ ಓದಿದ. "ಆನ್ ಇಲ್ವಾ ಇದಕ್ಕೆ?" ಎಂದು ಕೇಳಿದ.

"ಬೇಡ್ವಂತೆ. ಮೇಡಂನ ಕೇಳಿದೆ."

ಅವನ ತೋಳಿಗೆ ಕಟ್ಟಿದ್ದ ಜೋಲಿಯ ಬಕಲ್ ಸಡಿಲವಾಗಿತ್ತು. ಅವಳು ಕೈ ಚಾಚಿ ಅರ್ಧದಲ್ಲೇ ನಿಲ್ಲಿಸಿದಳು. "ಮುಟ್ಟಲಾ?"

"ಮೂಗಿಗೆ ಮಾತ್ರ ದೂರ ಇರಿ."

ಅವಳು ನಕ್ಕು, ಬಕಲ್ ಬಿಗಿಮಾಡಿ, ಎಳೆದು ತೋರಿಸಿದಳು. ಅವನು ತಲೆಯಾಡಿಸಿದ.

ಆಮೇಲೆ ತನ್ನ ಸೊಟ್ಟ ಕಿರುಬೆರಳನ್ನು ಅವನ ಎರಡು ಬೆರಳುಗಳ ನಡುವೆ ಇಟ್ಟಳು. ಬ್ಯಾಂಡೇಜಿನೊಳಗಿಂದ ಅವನು ಅದನ್ನು ಮೆಲ್ಲಗೆ, ಒಂದೇ ಒಂದು ಸಲ ಎಳೆದ.

"ನಿಂತಿದೀನಿ," ಎಂದಳು ಅವಳು. "ನೀನು ನಿದ್ದೆ ಮಾಡು."