ಶೀಶೆಯೊಳಗಿನ ಬೇರು

ವಿಜ್ಞಾನ ಕಲಿಸುವ ನನಗೆ ಇದನ್ನು ಹೇಳಲು ನಾಚಿಕೆ. ಬೀದರಿನ ನಮ್ಮ ಪ್ರಯೋಗಾಲಯದಲ್ಲಿ ಜೀವಕೋಶ ನೋಡಲು ಉಳ್ಳಾಗಡ್ಡಿ ಬೇರಿನ ತುದಿ ಕತ್ತರಿಸಿ, ಅಸಿಟಿಕ್ ಆಮ್ಲ ಬೆರೆಸಿದ ಸ್ಪಿರಿಟ್‌ನಲ್ಲಿ ಹಾಕುತ್ತೇವೆ. ಬೇರು ಅಲ್ಲೇ ಸಾಯುತ್ತದೆ. ಆದರೆ ಅಂದು ಶೀಶೆಯಲ್ಲಿದ್ದ ಬೇರು ಬೆಳೆದಿತ್ತು.

“ಬರೇ ನೀರಾಗ ಹಾಕಿದಿ ಏನ್?” ಎಂದು ಸಂಶೋಧನಾ ವಿದ್ಯಾರ್ಥಿನಿ ಮಹಾಮಾಯಾಳನ್ನು ಎಲ್ಲರೆದುರು ಬೈದೆ.

“ಇಲ್ರೀ ಸರ್, ವಾಸನಿ ನೋಡ್ರಿ,” ಎಂದಳು ಕಣ್ಣು ತುಂಬಿ.

ಸಿರ್ಕಾದಂಥ, ಆಮ್ಲದ್ದೇ ಹುಳಿ ಘಾಟು ಮೂಗಿಗೆ ಹೊಡೆಯಿತು. ಮೇ ತಿಂಗಳ ಬಿಸಿಲಲ್ಲೂ ಶೀಶೆ ತಣ್ಣಗಿತ್ತು. ಅವಳ ಮುಖ ನೋಡಲಾಗದೆ, ನಾನೇ ಹೊಸ ಬೇರು ಕತ್ತರಿಸಿ ಆಮ್ಲಕ್ಕೆ ಹಾಕಿ, ಕಪಾಟಿಗೆ ಬೀಗ ಜಡಿದು, ಕೀಲಿ ಜೇಬಿಗಿಟ್ಟುಕೊಂಡೆ.

ಮರುದಿನ ಬೀಗ ತೆಗೆದಾಗ ನನ್ನ ಬೇರು ಮುಚ್ಚಳ ಎತ್ತಿ ಹೊರಗೆ ಬಂದಿತ್ತು.

“ಬೆಳದದೇನ್ರಿ ಸರ್?” ಬಾಗಿಲಲ್ಲಿ ನಿಂತ ಮಹಾಮಾಯಾ ಕೇಳಿದಳು.

ಕಪಾಟು ಮುಚ್ಚಿ, ಇಲ್ಲ ಎಂದೆ. ಜೇಬಿನಲ್ಲಿರುವ ಕೀಲಿ ಈಗಲೂ ಆ ಶೀಶೆಯಂತೆ ತಣ್ಣಗೇ ಇದೆ.