ಪ್ರಗತಿಯ ಬ್ಯಾನರ್ ಕಳುವಾದ ಬೆಳಿಗ್ಗೆ

ಶಾಲೆಯ ಒಳಾಂಗಣ ಕ್ರೀಡಾಂಗಣವಾದ ಜಿಮ್ಮಿನ ಗೋಡೆಯ ಮೇಲೆ ಬ್ಯಾನರ್ ಇರಲಿಲ್ಲ. ಬರೀ ಹಗ್ಗ ನೇತಾಡುತ್ತಿತ್ತು. ಮಕ್ಕಳ ಓದು ಚೆನ್ನಾಗಿ ಸುಧಾರಿಸಿದೆಯೆಂದು ಕೆಂಟಕಿ ರಾಜ್ಯದವರು ಶಾಲೆಗೆ ಕೊಟ್ಟಿದ್ದ ಗೌರವ ಆ ಬ್ಯಾನರ್. ಬಾಸ್ಕೆಟ್‌ಬಾಲ್ ಗೆದ್ದ ಹಳೆಯ ಬ್ಯಾನರನ್ನು ಇಳಿಸಿ, ನಿನ್ನೆಯಷ್ಟೇ ಅದನ್ನು ಆ ಜಾಗಕ್ಕೆ ಏರಿಸಿದ್ದರು. ಮಧ್ಯಾಹ್ನವೇ ಸಮಾರಂಭ.

ಶಾಲೆಯಲ್ಲಿ ಅಡುಗೆ ಮಾಡುವ ಓಪಲ್ ಸುದ್ದಿ ಕೇಳಿ ಜಿಮ್ಮಿಗೆ ಓಡಿ ಬಂದಳು. ಜಿಮ್ ಒರೆಸುವವನು ಅವಳ ತಮ್ಮ ಹೋಬರ್ಟ್. ಪೆರೋಲ್ ಮೇಲೆ ಹೊರಗಿದ್ದವನು. ಕಳವಿನ ಸುದ್ದಿಯಲ್ಲಿ ಹೆಸರು ಬಂದರೆ ಸಾಕು, ಮತ್ತೆ ಜೈಲು.

"ಬೀಗದ ಕೈ ಇರೋದು ಮೂರೇ ಜನರ ಹತ್ರ," ಎಂದರು ಪ್ರಿನ್ಸಿಪಾಲ್ ಕ್ರೇನ್, ಹಿಮ ಮೆತ್ತಿದ ಬೂಟಿನಲ್ಲೇ ಅಂಕಣಕ್ಕೆ ಕಾಲಿಡುತ್ತಾ. "ನಾನು, ಕೋಚ್, ಹೋಬರ್ಟ್."

"ಬೂಟು ಮೇಡಂ, ಬೂಟು!" ಬಾಗಿಲಲ್ಲಿ ನಿಂತಿದ್ದ ಕೋಚ್ ಬ್ಲೆವಿನ್ಸ್ ಚೀರಿದರು. "ಎಷ್ಟು ಸಲ ಬಡ್ಕೊಳ್ಳೋದು!" ತಮ್ಮ ಶೂ ಕಳಚಿ ಬರಿಗಾಲಲ್ಲಿ ಒಳಗೆ ಬಂದರು.

"ನಿಮ್ಗೆ ನೆಲದ್ದೇ ಚಿಂತೆ. ನಾನು ಶೆರಿಫ್‌ನ ಕರೀತೀನಿ."

ಓಪಲ್ ಗ್ರಂಥಾಲಯಕ್ಕೆ ಓಡಿದಳು. ಶಾಲೆಯಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದವರು ಗ್ರಂಥಪಾಲಕಿ ವರ್ನಾ ಟ್ಯಾಕೆಟ್.

"ನನ್ ತಮ್ಮನ್ನ ಎಳ್ಕೊಂಡು ಹೋಗ್ತಾರೆ ವರ್ನಾ ಮೇಡಂ! ಏನಾದ್ರೂ ಮಾಡಿ!"

"ಅಳು ನಿಲ್ಸು ಮಾರಾಯ್ತಿ, ನಡಿ."

ವರ್ನಾ ಜಿಮ್ಮಿನ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಹಿಂಬಾಗಿಲಿಂದ ಗೋಡೆಯವರೆಗೆ ಹೋಗಿ ಬಂದ ಹೆಜ್ಜೆಗಳು ನೆಲಕ್ಕೆ ಬಳಿದ ಪಾಲಿಶ್ ಮೇಣದಲ್ಲಿ ಒಣಗಿ ನಿಂತಿದ್ದವು. ಒಂದೊಂದರಲ್ಲೂ ನೂಲಿನ ನೇಯ್ಗೆಯ ಗುರುತು.

"ಹೋಬರ್ಟ್ ಮೇಣ ಬಳಿದದ್ದು ಯಾವಾಗ?"

"ಬೆಳಗಾಗೋಕೆ ಮುಂಚೆ. ಒಣಗ್ಲಿ ಅಂತ ಬಿಟ್ಟು ನನ್ ಹತ್ರ ಕಾಫಿಗೆ ಬಂದ. ಆದ್ರೆ ಅಕ್ಕನ ಮಾತು ಯಾರು ನಂಬ್ತಾರೆ?"

"ನಂಬೋದು ಬೇಡ. ನೆಲಾನೇ ಹೇಳತ್ತೆ."

ಶೆರಿಫ್ ಬಂದವರೇ ಹೋಬರ್ಟ್‌ನ ಭುಜ ಹಿಡಿದುಕೊಂಡರು. ಅವರ ಸೊಂಟದ ಬೇಡಿ ಸದ್ದು ಮಾಡಿದಾಗಲೆಲ್ಲ ಓಪಲ್ ತಮ್ಮನ ಕಡೆಗೆ ಒಂದು ಹೆಜ್ಜೆ ಸರಿಯುತ್ತಿದ್ದಳು. ವರ್ನಾ ಎಲ್ಲರನ್ನೂ ಅಂಕಣದ ಅಂಚಿನಲ್ಲಿ ನಿಲ್ಲಿಸಿದರು.

"ಕಳ್ಳ ಹಸಿ ಮೇಣ ತುಳಿದಿದಾನೆ. ಬಳಿದವನಿಗೆ ಹಸಿ ಅಂತ ಗೊತ್ತಿರಲ್ವಾ? ತನ್ನ ಕೆಲಸ ತಾನೇ ಹಾಳು ಮಾಡ್ಕೊಳ್ತಾನಾ? ಹೋಬರ್ಟ್ ಅಲ್ಲ. ಇನ್ನು, ಕತ್ತಲಲ್ಲಿ ಕದಿಯೋಕೆ ಬಂದಾಗ್ಲೂ ಶೂ ಬಿಚ್ಚಿಟ್ಟು, ಬರೀ ಕಾಲ್ಚೀಲದಲ್ಲಿ ನಡೆದಿದಾನೆ. ಕ್ರೇನ್ ಮೇಡಂ ಹಾಡಹಗಲೇ ಬೂಟಲ್ಲಿ ನಡೀತಾರೆ, ಹಾಗಾಗಿ ಅವರೂ ಅಲ್ಲ. ಈ ನೆಲವನ್ನ ದೇವರ ಮನೆ ಥರ ನೋಡೋರು ಒಬ್ರೇ. ಕೋಚ್, ಇಂಥ ಚಳೀಲಿ ನಿಮ್ಮ ಕಾಲ್ಚೀಲ ಎಲ್ಲಿ?"

ಬ್ಲೆವಿನ್ಸ್ ತಮ್ಮ ಬರಿಗಾಲು ನೋಡಿಕೊಂಡರು.

"ಮೇಣ ಮೆತ್ಕೊಂಡು ಸೆಟೆದು ಹೋಯ್ತು. ಚೆಂಡಿನ ಬೀರುವಿನಲ್ಲಿದೆ. ಬ್ಯಾನರೂ ಅಲ್ಲೇ," ಎಂದರು. "ಓದಿಗೆ ಗೌರವ ಬಂತು, ಸಂತೋಷ. ಅದಕ್ಕೆ ನನ್ನ ಹುಡುಗರ ಗೆಲುವನ್ನ ಕಸಕ್ಕೆ ಹಾಕಬೇಕಿತ್ತಾ? ಇವತ್ತೊಂದಿನ ಆ ಗೋಡೆ ಖಾಲಿ ಇರಲಿ ಅನ್ನಿಸ್ತು, ಅಷ್ಟೇ."

ಶೆರಿಫ್ ಹೋಬರ್ಟ್‌ನ ಭುಜದಿಂದ ಕೈ ತೆಗೆದರು. ಓಪಲ್ ತಮ್ಮನನ್ನು ಬಾಚಿ ತಬ್ಬಿಕೊಂಡಳು. ಅವನು ಮಾತ್ರ ಕೋಚ್‌ರನ್ನೇ ನೋಡುತ್ತಿದ್ದ.

"ಆ ಹಳೇ ಬ್ಯಾನರ್ ಗೆದ್ದ ತಂಡದಲ್ಲಿ ನಾನೂ ಇದ್ದೆ, ಕೋಚ್."

"ಗೊತ್ತು ಕಣೋ."

"ಶೆರಿಫ್ ನನ್ ಭುಜ ಹಿಡಿದಾಗ್ಲೂ ಗೊತ್ತಿತ್ತಲ್ವಾ?"

ಹೋಬರ್ಟ್ ಮೂಲೆಯಲ್ಲಿದ್ದ ಒರೆಸುವ ಕೋಲು ಎತ್ತಿಕೊಂಡು, ಆ ಹೆಜ್ಜೆಗಳನ್ನು ಅಳಿಸತೊಡಗಿದ.