ಬಿಸಿ ಬಾರದ ಲಾರಿ

"ಹೀಟರ್ ಹಾಕಿದ್ರೆ ತಣ್ಣಗಿನ ಗಾಳಿ ಬರುತ್ತೆ, ಮೇಸ್ತ್ರಿ. ಹೋದ ಚಳಿಗಾಲದಲ್ಲಿ ನಮ್ಮಪ್ಪನಿಗೆ ಬಂತಲ್ಲ... ಹಾಗೇ!"

ಬೇರೊಂದು ಲಾರಿಯ ಅಡಿಯಿಂದ ಹೊರಗೆ ತೆವಳಿದ ಮೇಸ್ತ್ರಿ ಎದ್ದು ನಿಲ್ಲುವುದನ್ನೇ ಮರೆತ. ಒಂದು ವರ್ಷದ ಮೇಲೆ ಕಂಡ ಮುಖ! ಅವರಿಬ್ಬರ ಮದುವೆಗೆ ಇನ್ನು ಇಪ್ಪತ್ತೇ ದಿನ ಎನ್ನುವಾಗ, ಆಸ್ಪತ್ರೆಯ ಬಾಗಿಲಲ್ಲಿ 'ನೀನೇ ಕೊಂದೆ' ಎಂದು ಕಿರುಚಿ ಹೋದವಳು.

ಅವಳ ಅಪ್ಪ ಹಿಮದ ದಾರಿಯಿಂದ ಮರಗಟ್ಟಿಕೊಂಡೇ ವಾಪಸಾಗಿದ್ದ. ಎದೆಯಲ್ಲಿ ಕಫ ಕಟ್ಟಿ ಹನ್ನೊಂದನೇ ದಿನಕ್ಕೆ ಹೋಗಿಬಿಟ್ಟ. ಹೊರಡುವ ಮುಂಚೆ ಲಾರಿ ನೋಡಿಕೊಟ್ಟಿದ್ದು ಈ ಮೇಸ್ತ್ರಿಯೇ. 'ಹೀಟರ್ ನೋಡಿದ್ಯಾ?' ಎಂದು ಅವಳು ಕೇಳಿದಾಗ 'ನೋಡಿದ್ದೆ' ಎಂದನೇ ಹೊರತು ಮುಂದೆ ತುಟಿ ಬಿಚ್ಚಲಿಲ್ಲ.

ಬೇಸಿಗೆಯೆಲ್ಲ ಅವಳೇ ಆ ಲಾರಿಯನ್ನು ಬಯಲಿನ ದಾರಿಯಲ್ಲಿ ಓಡಿಸಿದ್ದಳು. ಈಗ ಮತ್ತೆ ಹಿಮದ ದಾರಿ. ಬೆಟ್ಟ ಹತ್ತುವ ಮುಂಚೆ ಸಿಗುವುದು ಇದೊಂದೇ ಗ್ಯಾರೇಜು.

"ಬೇರೆ ಕಡೆ ತೋರಿಸು," ಎಂದ ಅವನು, ಕಣ್ಣು ತಪ್ಪಿಸಿ.

"ಯಾಕೆ? ಮಾಡಿದ್ದು ಹೊರಗೆ ಬೀಳುತ್ತೆ ಅಂತ ಭಯಾನಾ?"

ಬಿಡಿಭಾಗಗಳ ಕೌಂಟರಿನಿಂದ ಅವನ ಅಕ್ಕ ತಲೆ ಹೊರಹಾಕಿದಳು. "ಏನಮ್ಮಾ ತಾಯಿ, ಬಾಯಲ್ಲೇ ಇಷ್ಟು ಬಿಸಿ ಇಟ್ಕೊಂಡಿದ್ದೀಯ. ನಿನಗೆ ಹೀಟರ್ ಬೇರೆ ಬೇಕಾ?"

"ನಿಮ್ಮ ತಮ್ಮನ ಕೆಲಸ ನೋಡಿದ್ಮೇಲೆ ಬಂದ ಬಿಸಿ ಅಕ್ಕಾ ಇದು!"

ಅಕ್ಕನ ನಗು ಅಲ್ಲೇ ಇಂಗಿತು. "ಮಾಡ್ಕೊಡೋ," ಎಂದಳು ಮೆಲ್ಲಗೆ. "ಹುಡುಗಿ ಆ ಚಳಿಗೆ ಹೋಗ್ಬೇಕು."

ಅವನ ಸಂಕಟವೂ ಅದೇ. ಮಾಡದಿದ್ದರೆ ಇವಳೂ ಅದೇ ಚಳಿಗೆ ಹೋಗುತ್ತಾಳೆ. ಮಾಡಿದರೆ...

"ಇಂಜಿನ್ ಬಿಸಿಯ ಮುಳ್ಳು ಮೇಲೇಳುತ್ತಾ?"

"ನಡುವಿಗೆ ಬಂದು ನಿಲ್ಲುತ್ತೆ."

"ಅಂದ್ರೆ ಇಂಜಿನ್ ಕಾಯ್ತಿದೆ." ಇಂಜಿನ್ನಿನ ಮುಚ್ಚಳ ಎತ್ತಿ ಇಣುಕಿದ. "ಕೂಲಂಟೂ ತುಂಬಿದೆ." ಇಂಜಿನ್‌ನಿಂದ ಬಿಸಿ ಕೂಲಂಟನ್ನು ಹೀಟರಿಗೆ ಒಯ್ಯುವ ರಬ್ಬರ್ ಪೈಪನ್ನು ತೋರಿಸಿದ. "ಮುಟ್ಟಿ ನೋಡು. ಹುಷಾರು."

ಬುಡದಲ್ಲಿ ಬೆರಳು ಚುರ್ ಎಂದಿತು. ಒಂದು ಗೇಣು ಮುಂದೆ... ಹೆಣದಂತೆ ತಣ್ಣಗೆ!

"ನಡುವೆ ಏನೋ ಅಡ್ಡ ಇದೆ. ಬಿಚ್ಚು!"

"ನನ್ನ ಕೈಲಿ ಆಗಲ್ಲ." ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಸ್ಕ್ರೂಡ್ರೈವರ್ ಕೊಡು. ನಾನೇ ಬಿಚ್ತೀನಿ."

ಇಂಜಿನ್ ನಿಲ್ಲಿಸಿ, ಅದು ಆರುವವರೆಗೂ ಇಬ್ಬರೂ ಕಾದರು. ಆಮೇಲೆ ಅವಳು ಕ್ಲಿಪ್ ಸಡಿಲಿಸಿ ಪೈಪನ್ನು ಎಳೆದಳು. ಹಸಿರು ಕೂಲಂಟು ಬಕೆಟ್ಟಿಗೆ ಸುರಿಯಿತು. ಪೈಪಿನೊಳಗೆ ಒಂದು ಮರದ ಬಿರಡೆ! ಸುತ್ತ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ದಾರದ ಎರಡು ಗಂಟು.

ಅವಳು ಆ ಗಂಟುಗಳ ಮೇಲೆ ಬೆರಳಾಡಿಸಿದಳು. ಮನೆಯ ನೀರಿನ ತೊಟ್ಟಿಗೆ, ತೂತಾದ ಡ್ರಮ್ಮಿಗೆ ಅಪ್ಪ ಕೆತ್ತಿ ಜಡಿಯುತ್ತಿದ್ದ ಬಿರಡೆಗಳೂ ಇಂಥವೇ. ಪಕ್ಕಪಕ್ಕದಲ್ಲಿ ಎರಡು ಗಂಟು ಬಿಗಿಯುತ್ತಿದ್ದುದು ಅಪ್ಪನೊಬ್ಬನೇ.

"ಅಪ್ಪ...?"

"ಒಂದು ಸಲ ಸ್ಟೇರಿಂಗ್ ಹಿಡಿದಲ್ಲೇ ನಿದ್ದೆ ಹೋಗಿದ್ರಂತೆ. ಎಚ್ಚರ ಆದಾಗ ಮುಂದಿನ ಚಕ್ರ ಪ್ರಪಾತದ ಅಂಚಲ್ಲಿ. ಬೆಚ್ಚಗಿದ್ರೆ ತಾನೇ ಕಣ್ಣು ಎಳೆಯೋದು ಅಂತ ಮಾವನೇ ಬಿಸಿ ಮುಚ್ಚಿದ್ರು. ನಾನು ಕಿತ್ತು ಹಾಕಿದೆ. ನನ್ನೆದುರೇ ಮತ್ತೆ ಜಡಿದ್ರು. 'ಮಗಳಿಗೆ ಗೊತ್ತಾದ್ರೆ ಕೀ ಕಿತ್ಕೊಂಡು ಮನೇಲಿ ಕೂರಿಸ್ತಾಳೆ, ಹೇಳ್ಬೇಡ' ಅಂತ ಮಾತು ತಗೊಂಡ್ರು."

"ಕೂರಿಸ್ತಿದ್ದೆ! ಬದುಕಿರ್ತಿದ್ದ!"

"ಹೌದು. ನೀನು ಅವತ್ತು ಹೇಳಿದ್ದು ಪೂರ್ತಿ ಸುಳ್ಳಲ್ಲ."

"ಅವನು ಹೋದ್ಮೇಲಾದ್ರೂ ಹೇಳಬಹುದಿತ್ತಲ್ಲ?"

"ಅಪ್ಪನ ಮೇಲೆ ಸಿಟ್ಟಾಗಿ ಅಳೋದಕ್ಕಿಂತ... ನನ್ನ ಮೇಲೆ ಸಿಟ್ಟಾಗಿ ಅಳಲಿ ಅಂದ್ಕೊಂಡೆ."

"ಅದನ್ನೂ ನೀನೇ ತೀರ್ಮಾನ ಮಾಡಿಬಿಟ್ಟೆ! ನಿಮ್ಮಿಬ್ಬರಿಗೂ ನಾನೇನು ಪಕ್ಕದ ಮನೆಯವಳಾ?"

ಅವನು ಬಿರಡೆಯನ್ನು ಕಿತ್ತು ಪಕ್ಕಕ್ಕಿಟ್ಟ. ಪೈಪು ಜೋಡಿಸಿದ, ಕ್ಲಿಪ್ ಬಿಗಿದ. ಇಂಜಿನ್ ಚಾಲೂ ಮಾಡಿ, ಒಳಗೆ ಸೇರಿದ್ದ ಗಾಳಿಯೆಲ್ಲ ಗುಳುಗುಳು ಎಂದು ಹೊರಬರುವವರೆಗೂ ಸ್ವಲ್ಪಸ್ವಲ್ಪವೇ ಕೂಲಂಟು ತುಂಬಿದ.

ಅವಳು ಕ್ಯಾಬಿನ್ ಹತ್ತಿ ಗಾಳಿಯ ಕಿಂಡಿಗೆ ಅಂಗೈ ಒಡ್ಡಿ ಕುಳಿತಳು. ತಣ್ಣಗೆ... ಇನ್ನೂ ತಣ್ಣಗೆ... ಆಮೇಲೆ ಬೆಚ್ಚಗೆ.

'ಒಂದು ಗಂಟೆಯ ಕೆಲಸ! ಇಷ್ಟೇನಾ ಅಪ್ಪಾ? ನನಗೊಂದು ಮಾತು ಹೇಳಿದ್ರೆ ನಾನೇ ಲಾರಿ ಓಡಿಸ್ತಿರಲಿಲ್ವಾ? ನೀನು ಪಕ್ಕದಲ್ಲಿ ಮಲಗಬಹುದಿತ್ತಲ್ಲ...'

ಸ್ಟೇರಿಂಗಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಒಂದು ವರ್ಷ ಬೈದು ಬೈದು ತಡೆದಿಟ್ಟ ಅಳು ಅದು. ಅವನು ಬಾಗಿಲ ಹಿಡಿಯನ್ನು ಹಿಡಿದು ನಿಂತೇ ಇದ್ದ. ಸಮಾಧಾನ ಹೇಳುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡಳು. "ನಾನು ನಿನ್ನ ಕ್ಷಮಿಸಿಲ್ಲ."

"ಗೊತ್ತು."

"ಇದೇ ಕ್ಯಾಬಿನ್ನಲ್ಲಿ ಒಬ್ಬಳೇ ಕೂತು ದಿನಾ ನಿನ್ನ ಬೈದಿದ್ದೀನಿ. ಬೈದು ಮುಗಿಸಿದ್ಮೇಲೆ ನೀನೇ ಬೇಕು ಅನ್ನಿಸ್ತಿತ್ತು. ಅದಕ್ಕೇ ಇಷ್ಟು ಸಿಟ್ಟು..."

ಅವನ ಕಣ್ಣು ತುಂಬಿತು. "ನನಗೂ ನೀನಿಲ್ಲದೆ ಆಗಲ್ಲ ಕಣೇ. ಬೈಯೋಕಾದ್ರೂ ಬರ್ತೀಯೇನೋ ಅಂತ ದಾರಿ ನೋಡ್ತಿದ್ದೆ."

ಅವಳು ಬಗ್ಗಿ ಆ ಕಡೆಯ ಬಾಗಿಲನ್ನು ತೆರೆದಳು. "ಹತ್ತು. ಅಪ್ಪ ಏನೇನು ಹೇಳಿದ್ದ, ಒಂದೂ ಬಿಡದೆ ಹೇಳು."

"ಎಲ್ಲಾ ಕೇಳಿದ್ಮೇಲೆ ನನ್ನ ಅರ್ಧ ದಾರೀಲಿ ಇಳಿಸಿಬಿಟ್ರೆ?"

"ಇಳಿಸಿದ್ರೂ ಇಳಿಸ್ತೀನಿ," ಎಂದಳು ಅವಳು. "ಮೊದಲು ಸ್ವೆಟರ್ ತಗೊಂಡು ಬಾ. ಮೇಲೆ ತುಂಬಾ ಚಳಿ."